ಕೆರೆಬಿಳಚಿಯ ಮಂಡಕ್ಕಿ ಅಂಗಡಿಯಲ್ಲಿ ಮೆಕ್ಸಿಕೋ

ಸೂಳೆಕೆರೆಯನ್ನು ನೋಡಿ ಬಂದವನಿಗೆ ಹಸಿವಾಗದಿದ್ದರೆ ಅವನ ಆರೋಗ್ಯದಲ್ಲಿಯೇ ಏನೋ ದೋಷವಿರಬೇಕು. ಎರಡು ಗುಡ್ಡಗಳ ನಡುವಿನ ಆ ಏರಿಯ ಮೇಲೆ ಬೀಸುವ ಗಾಳಿಗೆ ಅಂಥದೊಂದು ಗುಣವಿದೆ. ಸರ್ಕಾರದ ಫಲಕಗಳಲ್ಲಿ ಅದು ಶಾಂತಿಸಾಗರ. ಚನ್ನಗಿರಿ ಸೀಮೆಯ ಜನರ ಬಾಯಲ್ಲಿ ಇಂದಿಗೂ ಸೂಳೆಕೆರೆಯೇ. 2025ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ನನ್ನ ಅಕ್ಕ ತನ್ನ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಕ್ಯಾಲಿಫೋರ್ನಿಯದಿಂದ ಬಂದಿದ್ದಳು. ಕೆರೆಯನ್ನು ತೋರಿಸಿದ್ದಾಯಿತು, ಶಾಂತವ್ವನ ಕಥೆಯನ್ನು ಹೇಳಿದ್ದಾಯಿತು, ಇಲ್ಲಿಂದ ಹೊರಡುವ ಹರಿದ್ರಾ ಹೊಳೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದೆಂದು ಮೇಷ್ಟರ ಧಾಟಿಯಲ್ಲಿ ವಿವರಿಸಿದ್ದೂ ಆಯಿತು. ಹುಡುಗ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ.

“ಮಾಮ, ಇಲ್ಲಿ ಹತ್ತಿರ ಟಾಕೊ ಅಂಗಡಿ ಇಲ್ವಾ?”

ಅಕ್ಕ ನಾಚಿಕೊಂಡು ನಕ್ಕಳು. ಸಾನ್ ಹೋಸೆ ಎಂಬ ಅವರ ಊರಿನಲ್ಲಿ, ಮನೆಯ ಬೀದಿಯ ತಿರುವಿನಲ್ಲೇ ಒಂದು ಮೆಕ್ಸಿಕನ್ ಅಂಗಡಿಯಂತೆ. ಶುಕ್ರವಾರ ಸಂಜೆ ಅಡಿಗೆಗೆ ಬೇಸರವಾದರೆ ಅಲ್ಲಿಗೆ ನಡೆದೇ ಹೋಗುತ್ತಾರಂತೆ. ಕೈಯಿಂದ ಬರೆದ ಫಲಕ, ನಾಲ್ಕಾರು ಮೇಜು, ಎಲ್ಲರ ಕಣ್ಣೆದುರೇ ಕಾಯುವ ಹಂಚು. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿ, ಅದರ ಹೆಸರು ಟೋರ್ಟಿಯ. ಅದರ ಮೇಲೆ ಏನನ್ನಾದರೂ ಹಾಕಿ, ಹೆಚ್ಚಿದ ಈರುಳ್ಳಿ ಕೊತ್ತಂಬರಿ ಉದುರಿಸಿ, ನಿಂಬೆ ಹಿಂಡಿ, ಮಡಿಸಿ ಕೈಗೆ ಕೊಟ್ಟರೆ ಟಾಕೊ. ಉದ್ದನೆಯ ಬನ್ನನ್ನು ಸೀಳಿ ಬೇಯಿಸಿದ ಬೀನ್ಸ್ ಕಾಳು, ಬೆಣ್ಣೆಹಣ್ಣು, ಚೀಸು, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ ತುಂಬಿದರೆ ಅದು ಟೋರ್ಟ, ಅವರ ಸ್ಯಾಂಡ್‌ವಿಚ್ಚು. ಮೇಜಿನ ಮೇಲೆ ಕೆಂಪು ಚಟ್ನಿ ಒಂದು, ಹಸಿರು ಚಟ್ನಿ ಒಂದು, ಬೇಕಾದಷ್ಟು ಬಡಿಸಿಕೊಳ್ಳಬಹುದು. “ಕಾಳಿನಲ್ಲಿ ಹಂದಿಯ ಕೊಬ್ಬು ಹಾಕಿದ್ದೀರಾ ಎಂದು ಮೊದಲು ಕೇಳಿಕೊಳ್ಳಬೇಕು ನೋಡು” ಎಂದಳು ಅಕ್ಕ. ಪರದೇಶದಲ್ಲಿರುವ ನಮ್ಮ ಸಸ್ಯಾಹಾರಿ ಗೃಹಿಣಿಯರೆಲ್ಲ ಮೊದಲು ಕಲಿಯುವ ಮಾತು ಇದೇ ಇರಬೇಕು.

ಕೆರೆಬಿಳಚಿಯಲ್ಲಿ ಟಾಕೊ ಅಂಗಡಿ ಇಲ್ಲ. ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇದೆ. ರಸ್ತೆಯ ಪಕ್ಕದಲ್ಲಿ ತಗಡಿನ ಮಾಡು, ಮುಂದೆ ಎರಡು ಬೆಂಚು, ಒಲೆಯ ಮೇಲೆ ಬಾಣಲೆ, ಅದರ ಹಿಂದೆ ಅರುವತ್ತು ದಾಟಿದ ಒಬ್ಬ ಅಮ್ಮ. ಆಕೆಯ ಯಜಮಾನರು ದೊಡ್ಡದೊಂದು ಪಾತ್ರೆಯಲ್ಲಿ ಮಂಡಕ್ಕಿ ಕಲಸುತ್ತಿದ್ದರು. ನಾವು ಬೆಂಚಿನ ಮೇಲೆ ಕುಳಿತೆವು.

“ಆಂಟಿ, ಒಂದು ಪ್ಲೇಟ್...” ಎಂದ ಹುಡುಗ.

“ಆಂಟಿ ಅಲ್ಲಪ್ಪ, ಅಜ್ಜಿ ಅನ್ನು. ಖಾರ ತಿಂತೀಯಾ, ಕಮ್ಮಿ ಹಾಕ್ಲಾ?”

“ಜಾಸ್ತಿ ಹಾಕಿ ಅಜ್ಜಿ” ಎಂದುಬಿಟ್ಟ. ಮುದುಕಿಯ ಮುಖ ಅರಳಿತು.

ದಾವಣಗೆರೆ ಸೀಮೆಯ ಈ ತಿಂಡಿಯ ವಿಷಯವಾಗಿ ಬೆಂಗಳೂರು ಮೈಸೂರುಗಳ ವಾಚಕರಿಗೆ ಎರಡು ಮಾತು ಹೇಳಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದಾಗ ಅದು ಚಟಪಟನೆ ಅರಳಿ ಮಂಡಕ್ಕಿಯಾಗುತ್ತದೆ. ದಾವಣಗೆರೆಯಲ್ಲಿ ಇದಕ್ಕೆಂದೇ ಭಟ್ಟಿಗಳ ಬಡಾವಣೆಯೇ ಉಂಟು. ಭಟ್ಟಿಯ ಬೆಂಕಿಯ ಮುಂದೆ ದುಡಿಯುವವರ ಕಣ್ಣು ಶ್ವಾಸಗಳು ಏನಾಗುತ್ತವೆಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಹತ್ತಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿ ಬಂದ ಕೂಲಿಗಾರನಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸುತ್ತಿದ್ದದ್ದು ಇದೇ ಮಂಡಕ್ಕಿ. ಗಿರಣಿಗಳು ಮುಚ್ಚಿದವು, ಮಂಡಕ್ಕಿ ಉಳಿಯಿತು. ಹುರಿಗಡಲೆಯ ಪುಡಿ, ಈರುಳ್ಳಿ, ಟೊಮೇಟೊ, ಕೊತ್ತಂಬರಿ, ಹುರಿದ ಶೇಂಗಾ, ನಿಂಬೆರಸ ಸೇರಿಸಿ ಕಲಸಿದ ಮಂಡಕ್ಕಿ ಒಂದು ಕಡೆ. ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಉಪ್ಪು ಓಮ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು ಇನ್ನೊಂದು ಕಡೆ. ಅದನ್ನು ಒಂದು ಕಚ್ಚು, ಇದನ್ನು ಒಂದು ಮುಕ್ಕು. ಕಣ್ಣಲ್ಲಿ ನೀರು ಬರಬೇಕು. ಆದರೂ ನಿಲ್ಲಿಸಬಾರದು. ಇದು ಇಲ್ಲಿಯ ಕ್ರಮ.

ಹುಡುಗ ಅರ್ಧ ಮೆಣಸಿನಕಾಯಿ ಮುಗಿಸಿ, ಮೂಗು ಒರೆಸಿಕೊಂಡು, “ಮಾಮ, ಇದೆಲ್ಲಾ ಅಲ್ಲಿಯದೇ!” ಎಂದ.

ನಾನು ನಗಲು ಹೋದೆ. ಆಮೇಲೆ ನಗು ಬರಲಿಲ್ಲ. ಆ ತಟ್ಟೆಯಲ್ಲಿದ್ದ ಒಂದೊಂದು ಪದಾರ್ಥದ ಊರನ್ನೂ ವಿಚಾರಿಸಿದರೆ ಹುಡುಗನ ಮಾತು ಮುಕ್ಕಾಲು ಪಾಲು ನಿಜವೇ. ಮೆಣಸಿನಕಾಯಿಯನ್ನು ಮೊದಲು ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಬರುವವರೆಗೆ ನಮ್ಮ ನಾಡಿನ ಯಾವ ಅಡಿಗೆಯಲ್ಲೂ ಅದು ಇರಲಿಲ್ಲ. ನಮಗೆ ಖಾರವೆಂದರೆ ಮಲೆನಾಡಿನ ಬಳ್ಳಿಯ ಮೆಣಸು. ಹೊಸ ಕಾಯಿ ಬಂದಾಗ ಕನ್ನಡಿಗರು ಅದರ ಪರದೇಶದ ಹೆಸರನ್ನು ಕೇಳಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ ಎಂದು ತಮ್ಮ ಮನೆಯ ಹೆಸರನ್ನೇ ಇಟ್ಟು ಒಳಗೆ ಕರೆದುಕೊಂಡರು. ಇಷ್ಟು ಚೆನ್ನಾಗಿ ಕರೆದುಕೊಂಡರೆಂದರೆ, ಇಂದು ಬ್ಯಾಡಗಿಯ ಮೆಣಸಿನಕಾಯಿ ಪರದೇಶದ್ದೆಂದು ಯಾರಾದರೂ ಹೇಳಿದರೆ ಜಗಳಕ್ಕೇ ಬಂದೇವು. ಟೊಮೇಟೊ ಮಾತ್ರ ತನ್ನ ಹೆಸರನ್ನು ಬಿಡಲಿಲ್ಲ. ಅದು ಮೆಕ್ಸಿಕೋದ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬ ಶಬ್ದದ ಮೊಮ್ಮಗು. ಶೇಂಗಾ ದಕ್ಷಿಣ ಅಮೆರಿಕದ್ದು.

ಇದು ಒಂದೇ ಕಡೆಯ ವ್ಯಾಪಾರವೂ ಅಲ್ಲ. ಟಾಕೊದ ಮೇಲೆ ಉದುರಿಸುವ ಈರುಳ್ಳಿ, ಕೊತ್ತಂಬರಿ, ಹಿಂಡುವ ನಿಂಬೆ ಇವೆಲ್ಲ ಈ ಕಡೆಯ ಖಂಡಗಳಿಂದ ಹೋದವು. ಸ್ಪೇನಿನವರ ದೊಡ್ಡ ಹಡಗುಗಳು 1565ರಿಂದ 1815ರವರೆಗೆ, ಎರಡೂವರೆ ಶತಮಾನಗಳ ಕಾಲ, ಫಿಲಿಪ್ಪೀನ್ಸಿನ ಮನಿಲಾಕ್ಕೂ ಮೆಕ್ಸಿಕೋದ ಅಕಪುಲ್ಕೋ ಬಂದರಿಗೂ ನಡುವೆ ಓಡಾಡುತ್ತಿದ್ದವು. ಏಷ್ಯದ ಎಷ್ಟೋ ವಸ್ತುಗಳು ಆ ದಾರಿಯಲ್ಲಿ ಅಲ್ಲಿಗೆ ಸೇರಿದವು. ಹುಡುಗನ ಅಂಗಡಿಯಲ್ಲಿ ಕುಡಿಯಲು ಹುಣಸೆಹಣ್ಣಿನ ಪಾನಕ ಸಿಗುತ್ತದೆಯಂತೆ. ಹೆಸರು ‘ತಮರಿಂದೋ’. ಅರಬ್ಬರು ಹುಣಸೆಯನ್ನು ‘ಹಿಂದ್ ದೇಶದ ಖರ್ಜೂರ’ವೆಂದು ಕರೆದರು, ಆ ಹೆಸರಿನ ‘ಹಿಂದ್’ ಇಂದಿಗೂ ಮೆಕ್ಸಿಕೋದ ಜನರ ನಾಲಗೆಯ ಮೇಲಿದೆ. ಅವರ ಕಾಯಿಗೆ ನಾವು ನಮ್ಮ ಹೆಸರಿಟ್ಟೆವು. ನಮ್ಮ ಹಣ್ಣಿನಲ್ಲಿ ಅವರು ನಮ್ಮ ದೇಶದ ಹೆಸರನ್ನು ಉಳಿಸಿಕೊಂಡರು. ಅಷ್ಟೇ ಏಕೆ, ಮಾಂಸಾಹಾರಿಗಳಲ್ಲಿ ಬಹು ಹೆಸರಾದ ‘ಅಲ್ ಪಾಸ್ತೋರ್’ ಎಂಬ ಟಾಕೊವಿನ ಮೂಲ ಲೆಬನಾನಿನಿಂದ ಮೆಕ್ಸಿಕೋಕ್ಕೆ ವಲಸೆ ಹೋದವರ ಸರಳಿನ ಮೇಲೆ ತಿರುಗುವ ಮಾಂಸ. ‘ಅಪ್ಪಟ ನಮ್ಮದು’ ಎಂಬ ಮಾತನ್ನು ಅಡಿಗೆಯ ಮನೆಯಲ್ಲಿ ಎಚ್ಚರದಿಂದ ಬಳಸಬೇಕೆಂದು ನನಗೆ ತೋರುತ್ತದೆ.

ಇಷ್ಟು ಹೊತ್ತಿಗೆ ಹುಡುಗನ ದೃಷ್ಟಿ ರಸ್ತೆಯ ಕಡೆಗೆ ತಿರುಗಿತ್ತು. ಅಂಗಡಿಯ ಎದುರಿಗೆ ಡಾಂಬರಿನ ಅಂಚಿನುದ್ದಕ್ಕೂ ಬಂಗಾರದ ಬಣ್ಣದ ಕಾಳು ಹರಡಿ ಒಣಗುತ್ತಿತ್ತು. ಕಟಾವಿನ ಕಾಲದಲ್ಲಿ ಈ ಜಿಲ್ಲೆಯಲ್ಲಿ ಪ್ರಯಾಣ ಮಾಡಿದವರೆಲ್ಲ ಬಲ್ಲ ನೋಟ.

“ಅಜ್ಜಿ, ಇದು ಕಾರ್ನ್ ಅಲ್ವಾ? ಇಷ್ಟೊಂದು ಇದೆ! ಇದರ ರೊಟ್ಟಿ ಯಾಕೆ ಮಾಡಲ್ಲ?”

“ಅದನ್ನ ಯಾರು ತಿಂತಾರಪ್ಪ? ಅದು ಕೋಳಿಗೆ” ಎಂದಳು ಅಮ್ಮ.

ಸರಿಯಾದ ಉತ್ತರವೇ. ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಚನ್ನಗಿರಿಯಲ್ಲಿ ನೀರಿದ್ದವರು ಅಡಿಕೆಗೂ ಭತ್ತಕ್ಕೂ ಹೋದರೆ, ಮಳೆಯನ್ನು ನಂಬಿದ ಹೊಲದವರು ಹೆಚ್ಚಾಗಿ ಮೆಕ್ಕೆಜೋಳಕ್ಕೆ ಬಂದರು. ಜಗಳೂರು, ಹೊನ್ನಾಳಿ, ನ್ಯಾಮತಿಗಳಲ್ಲೂ ಇದೇ ಕಥೆ. ಒಂದು ಕಾಲಕ್ಕೆ ಹತ್ತಿ, ಬಿಳಿಜೋಳ, ರಾಗಿ, ಶೇಂಗಾ ಇದ್ದ ನೆಲ. ಬೆಳೆದ ಕಾಳು ಲಾರಿ ಹತ್ತಿ ಕೋಳಿಯ ಮೇವಿಗೆ, ಗಂಜಿಪುಡಿಯ ಕಾರ್ಖಾನೆಗೆ, ಇತ್ತೀಚೆಗೆ ಎಥೆನಾಲಿಗೆ ಹೋಗುತ್ತದೆ. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಂದದ್ದನ್ನು ಬಿಟ್ಟರೆ ಬೆಳೆದವನ ತಟ್ಟೆಗೆ ಅದು ಬರುವುದಿಲ್ಲ.

ಯಜಮಾನರು ಕೈ ತೊಳೆದುಕೊಂಡು ಬಂದು ನಮ್ಮ ಎದುರು ಕುಳಿತರು. ಆ ಕಾಳು ಅವರದೇ. ಎರಡು ಎಕರೆ, ಮೂವತ್ತು ಕ್ವಿಂಟಲಿನಷ್ಟು ಬಂದಿದೆ. ಬೀಜವನ್ನು ಪ್ರತಿವರ್ಷ ಅಂಗಡಿಯಿಂದಲೇ ತರಬೇಕು. ಹೈಬ್ರಿಡ್ ಬೆಳೆಯ ಕಾಳನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಇಳುವರಿ ಬಾರದು. ಮೇಲೆ ಹುಳುವಿನ ಕಾಟ. ಆ ಸೈನಿಕ ಹುಳುವೂ ಅಮೆರಿಕ ಖಂಡದ್ದೇ. 2016ರಲ್ಲಿ ಆಫ್ರಿಕಕ್ಕೆ ಬಂದು, 2018ರಲ್ಲಿ ಭಾರತದಲ್ಲಿ ಮೊದಲಿಗೆ ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದಲ್ಲಿ, ಇಲ್ಲಿಗೆ ದೂರವಲ್ಲದ ಶಿವಮೊಗ್ಗದ ಹೊಲಗಳಲ್ಲಿ. ಬೆಳೆ ಬಂದ ಎಷ್ಟೋ ವರ್ಷಗಳ ಮೇಲೆ ಅದರ ಶತ್ರು ವಿಳಾಸ ಹುಡುಕಿಕೊಂಡು ಬಂದಂತಾಯಿತು.

“ಸರ್ಕಾರದ ರೇಟು ಎರಡು ಸಾವಿರದ ನಾನೂರು ಅಂತಾರೆ ಸಾರ್. ಲಾರಿಯೋನು ಬಂದ್ರೆ ಆ ಮಾತು ಎತ್ತಂಗಿಲ್ಲ” ಎಂದರು ಯಜಮಾನರು.

2025-26ನೆಯ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಗೊತ್ತುಮಾಡಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆ. ಓದುವುದು ಬೇರೆ, ಕಾಳಿನ ರಾಶಿಯ ಮುಂದೆ ಕುಳಿತು ಕೇಳುವುದು ಬೇರೆ.

“ಭತ್ತ ಆಗಿದ್ರೆ ಬೆಲೆ ಬಿದ್ರೂ ಮನ್ಯಾಗೆ ಇಟ್ಕೊಂಡು ಉಣ್ತೀವಿ. ಇದನ್ನ ಇಟ್ಕೊಂಡು ಏನ್ ಮಾಡೋದು? ಅವ್ನು ಹೇಳಿದ್ದೇ ರೇಟು.”

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಒಂದು ಮಾತಿದೆ. ಒಡೆಯನ ಮನೆಯಲ್ಲಿ ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವ ವೀರನ ಧರ್ಮ ಅದು. ಪ್ರತಿವರ್ಷ ತರಗತಿಯಲ್ಲಿ ಈ ಮಾತನ್ನು ವಿವರಿಸುತ್ತೇನೆ. ಬೆಳೆದೂ ಉಣ್ಣಲಾಗದ ಜೋಳದ ಋಣ ಯಾರ ಮೇಲೆ ಯಾರಿಗಿದೆ ಎಂಬ ಪ್ರಶ್ನೆ ಆ ಬೆಂಚಿನ ಮೇಲೆ ಕುಳಿತಿದ್ದಾಗ ಮೊದಲ ಸಲ ಹೊಳೆಯಿತು.

ಮೆಕ್ಸಿಕೋದಲ್ಲಿ ಅದು ಉಣ್ಣುವ ಜೋಳ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಜನ ‘ತಿಯೋಸಿಂತೆ’ ಎಂಬ ಕಾಡುಹುಲ್ಲನ್ನು ತಲೆತಲಾಂತರಗಳಿಂದ ಆರಿಸುತ್ತ ಆರಿಸುತ್ತ ಅದನ್ನು ತೆನೆಯಾಗಿ ಬೆಳೆಸಿದರು. ಮನುಷ್ಯರನ್ನು ದೇವತೆಗಳು ಮೆಕ್ಕೆಜೋಳದ ಹಿಟ್ಟಿನಿಂದಲೇ ಮಾಡಿದರೆಂದು ಮಾಯಾ ಜನರ ಪುರಾಣ ಹೇಳುತ್ತದೆ. 2010ರಲ್ಲಿ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡಿಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಉಣ್ಣುವ ಜೋಳವೆಂದ ಮಾತ್ರಕ್ಕೆ ಅಲ್ಲಿಯ ರೈತ ಸುಖವಾಗಿದ್ದಾನೆಂದು ತಿಳಿಯಬೇಕಿಲ್ಲ. 1994ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಮೇಲೆ ಅಮೆರಿಕದ ಅಗ್ಗದ ಜೋಳ ಮೆಕ್ಸಿಕೋಕ್ಕೆ ಹರಿದುಬಂತು. ಸಣ್ಣ ಹಿಡುವಳಿಯ ಅನೇಕರು ಹೊಲ ಬಿಟ್ಟು ಕೂಲಿಗೆ ಉತ್ತರದ ಕಡೆಗೆ ನಡೆದರು. 2007ರ ಜನವರಿಯಲ್ಲಿ ಟೋರ್ಟಿಯದ ಬೆಲೆ ಏರಿದಾಗ ಮೆಕ್ಸಿಕೋ ನಗರದಲ್ಲಿ ಜನ ಸಾವಿರಗಟ್ಟಲೆ ಬೀದಿಗೆ ಬಂದರು. ‘ಜೋಳವಿಲ್ಲದೆ ದೇಶವಿಲ್ಲ’ ಎಂಬ ಘೋಷಣೆಯ ಚಳವಳಿ ಆ ವರ್ಷದ್ದೇ. ಅಲ್ಲಿ ಬೆಲೆ ಏರಿದ್ದಕ್ಕೆ ಉಣ್ಣುವವನು ಕೂಗಿದ. ಇಲ್ಲಿ ಬೆಲೆ ಇಳಿದದ್ದಕ್ಕೆ ಉಣ್ಣದವನು ಕೂಗುತ್ತಿದ್ದಾನೆ.

ಅಮ್ಮನಿಗೆ ನಮ್ಮ ಈ ದೊಡ್ಡ ಮಾತುಗಳು ಬೇಕಿರಲಿಲ್ಲ. ಹುಡುಗನ ಪ್ರಶ್ನೆ ಆಕೆಯ ತಲೆಯಲ್ಲಿ ಉಳಿದುಬಿಟ್ಟಿತ್ತು. “ಹಿಟ್ಟು ಮಾಡಿ ತಟ್ಟಿದ್ರೆ ಬರಲ್ಲಪ್ಪ. ಒಂದ್ಸಲ ನೋಡಿದ್ದೆ. ಅಂಟೇ ಇಲ್ಲ, ಹಂಚಿನ ಮ್ಯಾಲೆ ಹಾಕೋದ್ರಾಗೆ ಮುರೀತು.”

ಇಲ್ಲಿ ನನ್ನ ಓದು ಸ್ವಲ್ಪ ಪ್ರಯೋಜನಕ್ಕೆ ಬಂತು. ಮೆಕ್ಸಿಕೋದ ಹೆಂಗಸರು ಒಣ ಕಾಳನ್ನು ಹಾಗೆಯೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದು, ಸಿಪ್ಪೆ ಸುಲಿದುಹೋದ ಕಾಳನ್ನು ಹಸಿಯಾಗಿಯೇ ಕಲ್ಲಿನ ಮೇಲೆ ಅರೆಯುತ್ತಾರೆ. ಆಗ ಹಿಟ್ಟಿಗೆ ಅಂಟು ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ ಕಣ್ಣಿಗೆ ಕಾಣದ್ದು: ಕಾಳಿನೊಳಗೆ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ಸುಣ್ಣದಿಂದ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಯೂರೋಪಿನವರು ಕಾಳನ್ನು ಒಯ್ದರು, ಸುಣ್ಣದ ಪಾಠವನ್ನು ಅಲ್ಲಿಯೇ ಬಿಟ್ಟರು. ಫಲವಾಗಿ, ಬರಿಯ ಮೆಕ್ಕೆಜೋಳವನ್ನೇ ಉಂಡು ಬದುಕಿದ ಸ್ಪೇನ್ ಇಟಲಿಗಳ ಬಡವರಿಗೆ ಪೆಲ್ಲಾಗ್ರವೆಂಬ ರೋಗ ಹಿಡಿಯಿತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಅದು ಹಬ್ಬಿತು. ಅದು ಸೋಂಕಲ್ಲ, ಊಟದ ಕೊರತೆಯೆಂದು 1914ರಿಂದ ಮುಂದೆ ಹಟ ಹಿಡಿದು ತೋರಿಸಿದವರು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು. ಪಂಡಿತರಿಗೆ ಅಷ್ಟು ಕಾಲ ಹಿಡಿದದ್ದನ್ನು ಕಲ್ಲಿನ ಮುಂದೆ ಮಂಡಿಯೂರಿ ಕುಳಿತ ಹೆಂಗಸರ ಕೈ ಎಂದೋ ಬಲ್ಲದಾಗಿತ್ತು.

“ಸುಣ್ಣ ಅಂದ್ರೆ, ಎಲೆಗೆ ಹಚ್ಚೋ ಸುಣ್ಣವಾ?” ಎಂದಳು ಅಮ್ಮ.

“ಹೌದಮ್ಮ, ತಿನ್ನುವ ಸುಣ್ಣವೇ. ಗೋಡೆಗೆ ಬಳಿಯುವುದಲ್ಲ. ಒಂದು ಕಿಲೋ ಕಾಳಿಗೆ ಒಂದು ಚಮಚದಷ್ಟು ಸಾಕು. ಆಮೇಲೆ ನಾಲ್ಕು ನೀರಿನಲ್ಲಿ ತೊಳೆಯಬೇಕು.”

“ಅಷ್ಟೇನಾ!” ಎಂದು ಆಕೆ ಸೊಂಟದ ಚೀಲದಿಂದ ಸುಣ್ಣದ ಡಬ್ಬಿಯನ್ನು ತೆಗೆದು ಹುಡುಗನಿಗೆ ತೋರಿಸಿದಳು. ಅಡಿಕೆಯ ನಾಡಿನಲ್ಲಿ ಅದಕ್ಕೇನು ಕೊರತೆ?

ಎರಡು ದಿನ ಬಿಟ್ಟು ಚನ್ನಗಿರಿಯಲ್ಲಿ ಬಂಧುಗಳ ಮನೆಗೆ ಹೋಗುವುದಿತ್ತು. ದಾರಿಯಲ್ಲಿ ಮತ್ತೆ ಇಳಿದೆವು. ನಮ್ಮನ್ನು ಕಂಡೊಡನೆ ಅಮ್ಮ ಬಾಣಲೆಯನ್ನು ಕೆಳಗಿಳಿಸಿ ಹಂಚನ್ನು ಇಟ್ಟಳು. ಬಿತ್ತನೆಯ ಬೀಜವಲ್ಲ, ಒಕ್ಕಿದ ಕಾಳು ಎಂದು ನಾನು ಕೇಳುವ ಮೊದಲೇ ಹೇಳಿದಳು. ಬಿತ್ತನೆಯ ಬೀಜಕ್ಕೆ ವಿಷ ಸವರಿರುತ್ತದೆಂಬುದು ರೈತರ ಮನೆಯ ಹೆಣ್ಣುಮಗಳಿಗೆ ಮೇಷ್ಟರು ಹೇಳಬೇಕಾದ ಸಂಗತಿಯಲ್ಲ. ಹಳದಿಯ ಹಿಟ್ಟು ಒದ್ದೆ ಮಣ್ಣಿನ ಹಾಗೆ ಹದವಾಗಿತ್ತು. ಮಳೆ ಬಿದ್ದ ನೆಲದ ವಾಸನೆಯಂಥದೊಂದು ವಾಸನೆ ಬರುತ್ತಿತ್ತು. ನಿಂಬೆಯ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಕಾದ ಹಂಚಿನ ಮೇಲೆ ಹಾಕಿದಳು. ಮುರಿಯಲಿಲ್ಲ. ತಿರುವಿ ಹಾಕಿದಾಗ ಜೋಳದ ರೊಟ್ಟಿಯಂತೆಯೇ ಉಬ್ಬಿತು.

“ಅಮ್ಮ, ಅದೇ ವಾಸನೆ!” ಎಂದು ಹುಡುಗ ತಾಯಿಯ ಸೆರಗು ಎಳೆದ.

ಒಳಗೇನು ತುಂಬುವುದು? ಅದನ್ನೂ ಅಮ್ಮನೇ ನಿಶ್ಚಯಿಸಿದ್ದಳು. ಬಿಸಿ ಮೆಣಸಿನಕಾಯಿ ಬಜ್ಜಿಯೊಂದನ್ನು ಉದ್ದಕ್ಕೆ ಸೀಳಿ ರೊಟ್ಟಿಯ ಮೇಲಿಟ್ಟು, ಈರುಳ್ಳಿ ಕೊತ್ತಂಬರಿ ಉದುರಿಸಿ, ನಿಂಬೆ ಹಿಂಡಿ, ಶೇಂಗಾ ಚಟ್ನಿಪುಡಿ ಚಿಮುಕಿಸಿ ಮಡಿಸಿ ಕೊಟ್ಟಳು. ಅದನ್ನು ಟಾಕೊವೆಂದು ಮೆಕ್ಸಿಕೋದವರು ಒಪ್ಪುವರೋ ಇಲ್ಲವೋ, ನಾನರಿಯೆ. ಹುಡುಗ ಮೂರು ತಿಂದ, ಅಕ್ಕ ಎರಡು, ನಾನು ಲೆಕ್ಕವಿಡಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕಾಲೇಜು ಹುಡುಗರು, “ಏನಜ್ಜಿ ಅದು, ನಮಗೂ ಒಂದು ಕೊಡು” ಎಂದು ಬಂದರು. ತಿಂದವರಲ್ಲೊಬ್ಬ ಇದರ ಬೆಲೆ ಎಷ್ಟೆಂದು ಕೇಳಿದಾಗ ಅಮ್ಮನಿಗೆ ಉತ್ತರ ತಿಳಿಯದೆ ಯಜಮಾನರ ಮುಖ ನೋಡಿದಳು. ಅಂಗಡಿಯಲ್ಲಿ ಒಂದು ಪ್ಲೇಟು ಮಂಡಕ್ಕಿಗೆ 25 ರೂಪಾಯಿ. ಮೆಕ್ಕೆಜೋಳದ ರೊಟ್ಟಿಗೆ ಈವರೆಗೆ ಯಾರೂ ಬೆಲೆ ಕಟ್ಟಿರಲಿಲ್ಲ.

ಯಜಮಾನರು ಒಂದನ್ನು ನಿಧಾನವಾಗಿ ಅಗಿದು ತಿಂದರು. ತಮ್ಮ ಹೊಲದ ಆ ಬೆಳೆಯನ್ನು ರೊಟ್ಟಿಯಾಗಿ ತಿಂದದ್ದು ಅದೇ ಮೊದಲಂತೆ.

“ಚೆನ್ನಾಗೈತೆ” ಎಂದರು. ಆಮೇಲೆ, “ಒಂದು ಕಿಲೋಗೆ ಎಷ್ಟು ರೊಟ್ಟಿ ಆದ್ವು?” ಎಂದು ಹೆಂಡತಿಯನ್ನು ಕೇಳಿದರು.

“ಮೂವತ್ತು ಆಗಬೌದು.”

ಅವರು ರಸ್ತೆಯ ಅಂಚಿನ ರಾಶಿಯ ಕಡೆಗೆ ನೋಡಿ ಬೆರಳಿನಲ್ಲಿ ಲೆಕ್ಕ ಹಾಕಿದರು. ಹುಡುಗ ಅವರಿಗಿಂತ ಮೊದಲೇ ಲೆಕ್ಕ ಮುಗಿಸಿದ್ದ.

“ತೊಂಬತ್ತು ಸಾವಿರ ರೊಟ್ಟಿ, ತಾತ!”

“ತೊಂಬತ್ತು ಸಾವಿರ” ಎಂದು ಯಜಮಾನರು ನಕ್ಕರು. “ನೀನು ಇಲ್ಲೇ ಉಳಿದುಬಿಡಪ್ಪ ಹಂಗಾದ್ರೆ.”

ನಾವು ಹೊರಡುವ ಹೊತ್ತಿಗೆ ಲಾರಿ ಬಂದು ನಿಂತಿತ್ತು. ಹಮಾಲಿಗಳು ಚೀಲಕ್ಕೆ ಕಾಳು ತುಂಬತೊಡಗಿದರು. ಯಜಮಾನರು ಎದ್ದು ತೂಕದ ಯಂತ್ರದ ಬಳಿ ಹೋಗಿ ನಿಂತರು. ಎರಡು ಚೀಲ ಲಾರಿಗೆ ಏರಿದ ಮೇಲೆ ಅಮ್ಮ ಒಲೆಯ ಹಿಂದಿನಿಂದಲೇ ಕೂಗಿದಳು:

“ಒಂದು ಚೀಲ ಇಳಿಸ್ಕೊಳ್ರಿ. ಅಂಗಡಿಗೆ ಬೇಕು.”